ಮಹಡಿ ಮೆಟ್ಟಿಲು ಹತ್ತಿದ ಹುಡುಗಿ

ಭಯದ ಚಿತ್ರಗಳನ್ನು ಬೆರಳ ಸಂದಿಯಿಂದ ನೋಡುವವರ ಪೈಕಿ ನಾನೂ ಒಬ್ಬಳು. ಆದರೂ 1996ರಲ್ಲಿ ಅಮೆರಿಕದಲ್ಲಿ ಬಂದ ‘ಸ್ಕ್ರೀಮ್’ ಎಂಬ ಚಿತ್ರದ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಕೆವಿನ್ ವಿಲಿಯಮ್‌ಸನ್ ಬರೆದು ವೆಸ್ ಕ್ರೇವನ್ ನಿರ್ದೇಶಿಸಿದ ಚಿತ್ರವದು. ಮುಖವಾಡ ಹಾಕಿದ ಕೊಲೆಗಾರ ಚೂರಿ ಹಿಡಿದು ಒಬ್ಬೊಬ್ಬರನ್ನೇ ಮುಗಿಸುವ ಕಥೆ. ಅಂಥ ಕಥೆಗಳನ್ನೇ ಗೇಲಿ ಮಾಡುವ ಕಥೆಯೂ ಹೌದು. ಆ ಗೇಲಿಯ ಹಿಂದೆ ಹೆಂಗಸರಾದ ನಾವು ಯೋಚಿಸಬೇಕಾದದ್ದು ಸಾಕಷ್ಟಿದೆ. ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು.

1960ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ‘ಸೈಕೋ’ ತೆಗೆದರು. ನಾಯಕಿಯೆಂದು ಎಲ್ಲರೂ ನಂಬಿದ್ದ ಜಾನೆಟ್ ಲೀ ಅವರ ಪಾತ್ರ ಅರ್ಧ ಚಿತ್ರ ಮುಗಿಯುವ ಮೊದಲೇ ಬಚ್ಚಲುಮನೆಯಲ್ಲಿ ಕೊಲೆಯಾಗುತ್ತದೆ. ಕಪ್ಪು ಬಿಳುಪು ಚಿತ್ರವಾದ್ದರಿಂದ ರಕ್ತದ ಬದಲು ಚಾಕೊಲೇಟ್ ಪಾಕ ಸುರಿದಿದ್ದರಂತೆ! 1978ರಲ್ಲಿ ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ ಬಂತು. ಅದರ ನಾಯಕಿ ಜೇಮಿ ಲೀ ಕರ್ಟಿಸ್, ಅದೇ ಜಾನೆಟ್ ಲೀ ಅವರ ಮಗಳು. ತಾಯಿ ಸತ್ತ ಕಡೆ ಮಗಳು ಬದುಕಿದಳು. ಕಾರ್ಪೆಂಟರ್ ಜೊತೆ ಕೂತು ಆ ಕಥೆ ಬರೆದವರು, ಚಿತ್ರದ ನಿರ್ಮಾಪಕಿಯೂ ಆಗಿದ್ದವರು ಡೆಬ್ರಾ ಹಿಲ್. ಸುಮಾರು 3 ಲಕ್ಷ ಡಾಲರಿನಲ್ಲಿ ತಯಾರಾದ ಚಿತ್ರ ಕೋಟಿಗಟ್ಟಲೆ ಗಳಿಸಿದ್ದೇ ತಡ, ಅದೇ ಅಚ್ಚಿನ ಚಿತ್ರಗಳು ಸಾಲುಗಟ್ಟಿದವು.

ಈ ಚಿತ್ರಗಳಲ್ಲಿ ಒಂದು ಅಲಿಖಿತ ಕಾನೂನು ಬೆಳೆಯಿತು. ಪ್ರಿಯಕರನ ಜೊತೆ ಸೇರಿದವಳು, ಕುಡಿದವಳು, ಕುಣಿದವಳು ಸಾಯುತ್ತಾಳೆ. ಪುಸ್ತಕ ಹಿಡಿದು ಕೂತ ‘ಒಳ್ಳೆಯ’ ಹುಡುಗಿ ಉಳಿಯುತ್ತಾಳೆ. ಕೊನೆಗೆ ಉಳಿಯುವ ಈ ಹುಡುಗಿಗೆ ವಿದ್ವಾಂಸೆ ಕ್ಯಾರಲ್ ಕ್ಲೋವರ್ 1987ರ ಲೇಖನವೊಂದರಲ್ಲಿ ‘ಫೈನಲ್ ಗರ್ಲ್’ ಎಂದು ಹೆಸರಿಟ್ಟರು. ಅಷ್ಟರೊಳಗೇ ಇದನ್ನು ಲೇವಡಿ ಮಾಡಹೊರಟ ಹೆಂಗಸರೂ ಇದ್ದರು. 1982ರ ‘ದ ಸ್ಲಂಬರ್ ಪಾರ್ಟಿ ಮ್ಯಾಸಕರ್’ ಚಿತ್ರಕಥೆಯನ್ನು ಸ್ತ್ರೀವಾದಿ ಕಾದಂಬರಿಕಾರ್ತಿ ರೀಟಾ ಮೇ ಬ್ರೌನ್ ಬರೆದದ್ದೇ ಅಣಕವಾಗಿ. ನಿರ್ದೇಶಿಸಿದವರು ಏಮಿ ಹೋಲ್ಡನ್ ಜೋನ್ಸ್. ಆದರೆ ತೆರೆಗೆ ಬರುವಾಗ ಅದು ಮಾಮೂಲಿ ಭಯದ ಚಿತ್ರದ ಹಾಗೆಯೇ ಆಯಿತು. ಅಣಕ ಅಲ್ಲಲ್ಲಿ ಮಾತ್ರ ಇಣುಕಿತು.

ಹದಿನಾಲ್ಕು ವರ್ಷ ಕಳೆದು ‘ಸ್ಕ್ರೀಮ್’ ಅದನ್ನು ರಾಜಾರೋಷವಾಗಿ ಮಾಡಿತು. ಕ್ರೇವನ್ ಬೆಳೆದದ್ದು ಸಿನಿಮಾ ನೋಡುವುದೇ ತಪ್ಪೆನ್ನುವ ಕಟ್ಟಾ ಬ್ಯಾಪ್ಟಿಸ್ಟ್ ಮನೆಯಲ್ಲಿ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು ಆಮೇಲೆ ಚಿತ್ರರಂಗಕ್ಕೆ ಬಂದರು. ಕಟ್ಟುಪಾಡು ಎಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವರ ಚಿತ್ರದಲ್ಲಿ ಎಲ್ಲರೂ ಭಯದ ಚಿತ್ರಗಳನ್ನು ನೋಡಿದವರೇ. ರಾಂಡಿ ಎಂಬ ಹುಡುಗ ಬದುಕುಳಿಯುವ ನಿಯಮಗಳನ್ನು ಮೇಷ್ಟರ ಹಾಗೆ ಒಪ್ಪಿಸುತ್ತಾನೆ: ಪ್ರಣಯ ಕೂಡದು, ಕುಡಿತ ಕೂಡದು, ‘ಈಗ ಬಂದೆ’ ಎಂದು ಹೇಳಿ ಹೋಗಕೂಡದು! ಅದೇ ರಾಂಡಿ ಸೋಫಾದ ಮೇಲೆ ಬಿದ್ದುಕೊಂಡು ‘ಹ್ಯಾಲೋವೀನ್’ ನೋಡುತ್ತಾ, ಹಿಂದೆ ತಿರುಗಿ ನೋಡೆಂದು ಜೇಮಿಗೆ ಕೂಗುತ್ತಾನೆ. ಕೊಲೆಗಾರ ನಿಂತಿರುವುದು ಅವನ ಬೆನ್ನ ಹಿಂದೆ. ಆ ಪಾತ್ರ ಮಾಡಿದ ನಟನ ಹೆಸರೂ ಜೇಮಿಯೇ, ಜೇಮಿ ಕೆನಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ ಒಂದು ದೃಶ್ಯ. ನಾಯಕಿ ಸಿಡ್ನಿ (ನೀವ್ ಕ್ಯಾಂಪ್‌ಬೆಲ್) ಮನೆಯಲ್ಲಿ ಒಬ್ಬಳೇ ಇದ್ದಾಳೆ. ಫೋನಿನಲ್ಲಿ ಕೆಣಕುವ ದನಿಗೆ ಅವಳು, ಈ ಚಿತ್ರಗಳ ಪೆದ್ದು ಹುಡುಗಿಯರು ಮುಂಬಾಗಿಲಿನಿಂದ ಓಡುವುದು ಬಿಟ್ಟು ಮಹಡಿ ಹತ್ತುತ್ತಾರೆಂದು ಮೂಗು ಮುರಿಯುತ್ತಾಳೆ. ಕೆಲವೇ ನಿಮಿಷ, ಕೊಲೆಗಾರ ಮೇಲೆ ಬೀಳುತ್ತಾನೆ. ಬಾಗಿಲಿಗೆ ಅವಳೇ ಹಾಕಿದ ಸರಪಳಿ ತೆಗೆಯಲು ಆಗುವುದಿಲ್ಲ. ಹುಡುಗಿ ಮಹಡಿ ಹತ್ತುತ್ತಾಳೆ!

ನಗು ಬರುತ್ತದೆ, ಹಿಂದೆಯೇ ಕಸಿವಿಸಿಯೂ ಆಗುತ್ತದೆ. ಹೆಣ್ಣುಮಗಳೊಬ್ಬಳಿಗೆ ಏನಾದರೂ ಆದರೆ ‘ಅಲ್ಲಿಗೇಕೆ ಹೋದಳು, ಹಾಗೇಕೆ ಮಾಡಿದಳು’ ಎಂದು ಕೇಳುವುದು ಎಷ್ಟು ಸುಲಭ! ಬಾಗಿಲ ಸರಪಳಿ ಕೇಳುವವರ ಕಣ್ಣಿಗೆ ಬೀಳುವುದಿಲ್ಲ.

ಚಿತ್ರ ಅಲ್ಲಿಗೇ ನಿಲ್ಲುವುದಿಲ್ಲ. ಒಂದು ವರ್ಷದ ಹಿಂದೆ ಸಿಡ್ನಿಯ ತಾಯಿಯ ಕೊಲೆಯಾಗಿದೆ. ಊರಿನ ಬಾಯಿಗೆ ಮಾತ್ರ ಕೊಂದವನಿಗಿಂತ ಸತ್ತವಳ ನಡತೆಯೇ ರುಚಿ. ಶಾಲೆಯ ಹುಡುಗಿಯರೂ ಅದನ್ನೇ ಆಡಿಕೊಳ್ಳುತ್ತಾರೆ. ಕೊನೆಗೆ ಗೊತ್ತಾಗುವುದೇನು? ಕೊಂದವನು ಅವಳದೇ ಪ್ರಿಯಕರ ಬಿಲ್ಲಿ, ಜೊತೆಗೆ ಅವನ ಗೆಳೆಯ. ತನ್ನ ತಂದೆಯೊಂದಿಗೆ ಸಂಬಂಧವಿಟ್ಟುಕೊಂಡು ಮನೆ ಮುರಿದಳೆಂದು ಸಿಡ್ನಿಯ ತಾಯಿಯ ಮೇಲೆ ಅವನ ಸಿಟ್ಟು. ತಂದೆಯನ್ನು ಅವನು ಮುಟ್ಟಲಿಲ್ಲ, ನೋಡಿ. ತನ್ನ ಜೊತೆ ಮಲಗಿದ್ದರಿಂದ ಸಿಡ್ನಿಯೂ ನಿಯಮದ ಪ್ರಕಾರ ಸಾಯಬೇಕಂತೆ! ಆದರೆ ಅವಳು ಸಾಯುವುದಿಲ್ಲ. ಗೆಳೆಯನ ತಲೆಯ ಮೇಲೆ ಟಿ.ವಿ. ಸೆಟ್ಟನ್ನೇ ಕೆಡವುತ್ತಾಳೆ. ಕೊಲೆಗಾರ ಕೊನೆಗೊಮ್ಮೆ ಎದ್ದು ಬರುತ್ತಾನೆಂದು ರಾಂಡಿ ಎಚ್ಚರಿಸಿ ಬಾಯಿ ಮುಚ್ಚುವಷ್ಟರಲ್ಲಿ ಎದ್ದ ಬಿಲ್ಲಿಗೆ ಗುಂಡು ಹಾರಿಸುತ್ತಾಳೆ.

ಬಿಡುಗಡೆಯಾದ ವಾರ ಗಳಿಕೆ ಮಂಕಾಗಿತ್ತು. ನೋಡಿದವರು ಇನ್ನೊಬ್ಬರಿಗೆ ಹೇಳಿ, ಅಮೆರಿಕದಲ್ಲೇ 10 ಕೋಟಿ ಡಾಲರ್ ದಾಟಿತು. 2011ರಲ್ಲಿ ಬಂದ ನಾಲ್ಕನೆಯ ಭಾಗವೇ ಕ್ರೇವನ್ ನಿರ್ದೇಶಿಸಿದ ಕೊನೆಯ ಚಿತ್ರ. 2015ರಲ್ಲಿ ಅವರು ತೀರಿಕೊಂಡರು.

ರಕ್ತ ನೋಡಲಾರದವರು ಈ ಚಿತ್ರ ನೋಡದಿದ್ದರೂ ನಷ್ಟವಿಲ್ಲ. ಆದರೆ ಯಾರಾದರೂ ಒಬ್ಬ ಹೆಣ್ಣಿನ ಬಗ್ಗೆ ‘ಅವಳು ಹಾಗೆ ಮಾಡಬಾರದಿತ್ತು’ ಎಂದು ಶುರುಮಾಡಿದರೆ, ಬಾಗಿಲಿಗೆ ಸರಪಳಿ ಇತ್ತೇ ಎಂದೊಮ್ಮೆ ಕೇಳಿ ನೋಡಿ.