ಉಪ್ಪು ಹೇಳಿದ ಲೆಕ್ಕ

1947ರಲ್ಲಿ ಸ್ವಾತಂತ್ರ್ಯ ಬಂದ ಬೆನ್ನಲ್ಲೇ ದೆಹಲಿಯಲ್ಲಿ ಕೋಮುಗಲಭೆ ಭುಗಿಲೆದ್ದಿತು. ಜೀವಭಯದಿಂದ ಮನೆ ಬಿಟ್ಟ ಅಲ್ಪಸಂಖ್ಯಾತರಲ್ಲಿ ಬಹಳ ಮಂದಿ ಕೆಂಪುಕೋಟೆಯಲ್ಲೂ, ಕೆಲವರು ಹುಮಾಯೂನನ ಸಮಾಧಿಯ ಆವರಣದಲ್ಲೂ ಆಶ್ರಯ ಪಡೆದರು. ಅವರಿಗೆ ಊಟ ಒದಗಿಸುವ ಹೊಣೆ ಸರ್ಕಾರದ್ದು. ಆ ಕೆಲಸವನ್ನು ಗುತ್ತಿಗೆದಾರರಿಗೆ ವಹಿಸಲಾಯಿತು. ಕೋಟೆಯೊಳಗೆ ಎಷ್ಟು ಜನರಿದ್ದಾರೆಂಬುದು ತಿಳಿಯದ ಕಾರಣ, ಗುತ್ತಿಗೆದಾರರು ಕೊಟ್ಟ ಬಿಲ್ಲುಗಳನ್ನೇ ಸರ್ಕಾರ ಒಪ್ಪಬೇಕಾಗಿತ್ತು. ಖರ್ಚು ಮಿತಿಮೀರಿದಂತೆ ಕಂಡಾಗ ಸಂಖ್ಯಾಶಾಸ್ತ್ರಜ್ಞರಿಗೆ ಕರೆ ಹೋಯಿತು.

ಈ ಪ್ರಸಂಗವನ್ನು ‘ಸ್ಟ್ಯಾಟಿಸ್ಟಿಕ್ಸ್ ಅಂಡ್ ಟ್ರೂತ್’ ಎಂಬ ಗ್ರಂಥದಲ್ಲಿ ದಾಖಲಿಸಿರುವವರು ಸಿ.ಆರ್. ರಾವ್. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿ, 2023ರಲ್ಲಿ ನಿಧನರಾದ ರಾವ್, ಈ ಶಾಸ್ತ್ರದಲ್ಲಿ ಜಗತ್ತೇ ಮನ್ನಿಸಿದ ವಿದ್ವಾಂಸರು. ಗಲಭೆಯ ನಡುವೆ ಕೋಟೆಯೊಳಗೆ ಹೋಗಿ ತಲೆ ಎಣಿಸುವುದು ಅಪಾಯಕರವಾಗಿತ್ತು ಎಂದು ಅವರು ಬರೆಯುತ್ತಾರೆ. ತಜ್ಞರ ಕೈಗೆ ಸಿಕ್ಕಿದ್ದು ಒಂದು ದಿನಕ್ಕೆ ಕೊಂಡ ಅಕ್ಕಿ, ಬೇಳೆ ಮತ್ತು ಉಪ್ಪಿನ ಬಿಲ್ಲುಗಳು ಮಾತ್ರ.

ಒಬ್ಬ ವ್ಯಕ್ತಿಗೆ ದಿನಕ್ಕೆ ಬೇಕಾಗುವ ಈ ಪದಾರ್ಥಗಳ ಸರಾಸರಿ ಪ್ರಮಾಣ ಹಿಂದಿನ ಸಮೀಕ್ಷೆಗಳಿಂದ ತಿಳಿದಿತ್ತು. ಸರಾಸರಿಯು ಒಬ್ಬೊಬ್ಬರ ಊಟವನ್ನು ಹೇಳಲಾರದು. ಆದರೆ ಸಾವಿರಾರು ಜನರಿರುವಲ್ಲಿ ಹೆಚ್ಚು ಉಣ್ಣುವವರೂ ಕಡಿಮೆ ಉಣ್ಣುವವರೂ ಪರಸ್ಪರ ಸರಿತೂಗುವುದರಿಂದ ಒಟ್ಟು ಲೆಕ್ಕಕ್ಕೆ ಅದು ಆಧಾರವಾಗುತ್ತದೆ. ಒಟ್ಟು ಪ್ರಮಾಣವನ್ನು ತಲಾ ಪ್ರಮಾಣದಿಂದ ಭಾಗಿಸಿದರೆ ಜನಸಂಖ್ಯೆ ದೊರೆಯಬೇಕು.

ಭಾಗಿಸಿ ನೋಡಿದಾಗ ಮೂರು ಪದಾರ್ಥಗಳು ಮೂರು ಸಂಖ್ಯೆಗಳನ್ನು ಕೊಟ್ಟವು. ಅಕ್ಕಿಯ ಲೆಕ್ಕದಲ್ಲಿ ಜನ ಎಲ್ಲಕ್ಕಿಂತ ಹೆಚ್ಚು, ಉಪ್ಪಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ! ತಿಳಿಯಲು ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಅಕ್ಕಿಯಿಂದ 20,000, ಬೇಳೆಯಿಂದ 15,000, ಉಪ್ಪಿನಿಂದ 10,000 ಜನ ಬಂದರೆನ್ನಿ. ಈ ಶಾಸ್ತ್ರವನ್ನು ಆಗತಾನೇ ಕಲಿತವರು ಮೂರನ್ನೂ ಕೂಡಿಸಿ, ಮೂರರಿಂದ ಭಾಗಿಸಿ, 15,000 ಎಂದುಬಿಡಬಹುದು. ಆದರೆ ಅದು ತಪ್ಪು ದಾರಿ.

ಅಳತೆಯಲ್ಲಿ ಎರಡು ಬಗೆಯ ದೋಷಗಳುಂಟು. ಒಂದು ಆಕಸ್ಮಿಕ ದೋಷ. ಅದು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ತೋರಿಸುತ್ತದೆ. ಸರಾಸರಿ ತೆಗೆದರೆ ಬಹುಪಾಲು ಕರಗುತ್ತದೆ. ಇನ್ನೊಂದು ಯಾವಾಗಲೂ ಒಂದೇ ಕಡೆಗೆ ಎಳೆಯುವ ದೋಷ. ತಟ್ಟೆಯ ಕೆಳಗೆ ಕಲ್ಲು ಅಂಟಿಸಿದ ತಕ್ಕಡಿಯಲ್ಲಿ ನೂರು ಬಾರಿ ತೂಗಿದರೂ ಸರಿಯಾದ ತೂಕ ಬಾರದು. ಅಕ್ಕಿ ದುಬಾರಿಯಾದ್ದರಿಂದ ಹೆಚ್ಚು ಬರೆದರೆ ಹೆಚ್ಚು ಲಾಭ. ಉಪ್ಪು ಅತಿ ಅಗ್ಗ. ಅದನ್ನು ಹಿಗ್ಗಿಸಿ ಬರೆದು ಗಳಿಸುವುದೇನೂ ಇಲ್ಲ. ಆದ್ದರಿಂದ ಉಪ್ಪಿನ ಲೆಕ್ಕವೇ ನಂಬಲರ್ಹವೆಂದು ತಜ್ಞರು ಸೂಚಿಸಿದರು. ಈ ಉಪಾಯ ಹೊಳೆದದ್ದು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಜೆ.ಎಂ. ಸೇನ್‌ಗುಪ್ತ ಅವರಿಗೆ.

ಜಾಣತನದ ಊಹೆಯೂ ಪರೀಕ್ಷೆಗೆ ಒಳಪಡಬೇಕು. ಅಂದಾಜು ಹೆಚ್ಚಾದರೆ ಬೊಕ್ಕಸಕ್ಕೆ ನಷ್ಟ. ಕಡಿಮೆಯಾದರೆ ಎಲ್ಲವನ್ನೂ ಕಳೆದುಕೊಂಡು ಬಂದವರ ಅನ್ನಕ್ಕೇ ಸಂಚಕಾರ. ಹುಮಾಯೂನನ ಸಮಾಧಿಯಲ್ಲಿದ್ದವರು ಸಂಖ್ಯೆಯಲ್ಲಿ ಕಡಿಮೆ. ಅವರ ಎಣಿಕೆ ಬೇರೆ ರೀತಿಯಲ್ಲಿ ದೊರೆತಿತ್ತು. ಅಲ್ಲಿಗೂ ಉಪ್ಪಿನ ವಿಧಾನವನ್ನು ಅನ್ವಯಿಸಿದಾಗ ಉತ್ತರ ನಿಜಸಂಖ್ಯೆಗೆ ಸಮೀಪವಾಗಿ ಬಂತು.

ಇಂದು ಕಂಪ್ಯೂಟರು ಲಕ್ಷ ಅಂಕಿಗಳ ಸರಾಸರಿಯನ್ನು ಕ್ಷಣದಲ್ಲಿ ಕೊಡುತ್ತದೆ. ಆ ಅಂಕಿಗಳನ್ನು ಬರೆದವರು ಯಾರು, ಹೆಚ್ಚಿಸಿ ಬರೆದರೆ ಯಾರಿಗೆ ಲಾಭ ಎಂದು ಅದು ತಾನಾಗಿ ಕೇಳುವುದಿಲ್ಲ. ಅಂಕಿಗಳೊಡನೆ ಕೆಲಸ ಮಾಡಹೊರಟವರು ಸೂತ್ರಗಳಿಗಿಂತ ಮೊದಲು ಈ ಪ್ರಶ್ನೆಯನ್ನು ಕಲಿಯುವುದು ಒಳಿತು.