ಸ್ಪೋರ್ಟ್ಸ್ ಕಾರಿಗೆ ದೊಡ್ಡ ಬ್ರೇಕ್: ಮುಂದೆ ಮಾತ್ರ ಹಾಕಿಸಿದರೆ ಸಾಕೇ?

ದುಬೈ, ಶಾರ್ಜಾದಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡ ಹುಡುಗರು ಮೊದಲು ಟೈರು, ಸೈಲೆನ್ಸರಿಗೆ ದುಡ್ಡು ಹಾಕುತ್ತಾರೆ, ಆಮೇಲೆ ಬ್ರೇಕಿಗೆ. ಕೈಯಲ್ಲಿ ದುಡ್ಡು ಸಾಲದಿದ್ದರೆ ಮುಂದಿನ ಚಕ್ರಗಳಿಗೆ ಮಾತ್ರ ದೊಡ್ಡ ಡಿಸ್ಕ್ ಹಾಕಿಸಿ, ‘ಹಿಂದಿನದು ಆಮೇಲೆ ನೋಡೋಣ’ ಅನ್ನುವುದುಂಟು. ಎಡವಟ್ಟಾಗುವುದು ಇಲ್ಲೇ.

ಬ್ರೇಕ್ ಒತ್ತಿದ ಕೂಡಲೇ ಕಾರಿನ ಭಾರ ಮುಂದಕ್ಕೆ ಬೀಳುತ್ತದೆ. ಹಿಂದಿನ ಚಕ್ರಗಳು ಹಗುರಾಗಿ ರಸ್ತೆಯ ಹಿಡಿತ ಕಮ್ಮಿಯಾಗುತ್ತೆ. ಅದಕ್ಕೇ ಕಂಪನಿಯವರು ಮುಂದಿನ ಚಕ್ರ ಸ್ವಲ್ಪ ಮೊದಲು ಲಾಕ್ ಆಗುವ ಹಾಗೆ ಲೆಕ್ಕ ಹಾಕಿರುತ್ತಾರೆ. ಮುಂದಿನದು ಲಾಕ್ ಆದರೆ ಸ್ಟೇರಿಂಗ್ ಮಾತು ಕೇಳದೆ ಕಾರು ನೆಟ್ಟಗೆ ಹೋಗುತ್ತದೆ. ಹಿಂದಿನದು ಮೊದಲು ಲಾಕ್ ಆದರೆ ಗಿರ್ರನೆ ತಿರುಗಿಬಿಡುತ್ತದೆ. ಇದು ಇನ್ನೂ ಅಪಾಯ.

ಮುಂದೆ ಮಾತ್ರ ಬಲ ಹೆಚ್ಚಿಸಿದರೆ ಮುಂದಿನ ಟೈರು ಬೇಗ ಜಾರುತ್ತದೆ, ಹಿಂದಿನ ಬ್ರೇಕ್ ಅರೆಬರೆ ಕೆಲಸ ಮಾಡುತ್ತದೆ. ಕಾರು ನಿಲ್ಲಲು ಮೊದಲಿಗಿಂತ ಹೆಚ್ಚು ದೂರ ಬೇಕಾಗಬಹುದು! ಎಬಿಎಸ್ ಇದೆಯಲ್ಲಾ ಅಂತ ಧೈರ್ಯ ಪಡುವಂತಿಲ್ಲ, ಅದನ್ನೂ ಹೊಂದಿಸಿರುವುದು ಕಂಪನಿಯ ಬ್ರೇಕಿಗೇ.

ನಿಸ್ಸಾನ್ 350ಝಡ್ ನೋಡಿ. ಮೊದಲ ವರ್ಷಗಳ ಸಾಧಾರಣ ಮಾಡೆಲಿಗೆ ಮುಂದೆ 296, ಹಿಂದೆ 292 ಮಿ.ಮೀ. ಡಿಸ್ಕ್. ಬ್ರೆಂಬೊ ಬ್ರೇಕಿನ ಮಾಡೆಲಿಗೆ ಮುಂದೆ 324, ಹಿಂದೆ 322. ಕಂಪನಿಯೇ ಎರಡೂ ಕಡೆ ಒಟ್ಟಿಗೆ ಬದಲಿಸಿದೆ. ಮುಂದಿನದೊಂದನ್ನೇ 324 ಮಾಡಿದರೆ ಪ್ಯಾಡ್, ಪಿಸ್ಟನ್ ಹಳೆಯದೇ ಇದ್ದರೂ ಮುಂದಿನ ಬಲ ಸುಮಾರು ಶೇ. 10 ಏರುತ್ತದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಇನ್ನೂ ಹೆಚ್ಚು. ಆಗ ಹಳೆ ಮಾಸ್ಟರ್ ಸಿಲಿಂಡರಿಗೆ ಪೆಡಲ್ ಆಳಕ್ಕೆ ಇಳಿಯುತ್ತೆ. ಹಿಂದೆ ಗಡಸು ಪ್ಯಾಡ್, ಮುಂದೆ ಮೆತ್ತನೆಯದು ಹಾಕಿದರೂ ಲೆಕ್ಕ ತಪ್ಪುತ್ತದೆ. ಒತ್ತಡ ಹಂಚುವ ಪ್ರಪೋರ್ಷನಿಂಗ್ ವಾಲ್ವ್ ಹಿಂದಿನ ಒತ್ತಡ ಇಳಿಸಬಲ್ಲದೇ ಹೊರತು ಏರಿಸಲಾರದು.

ದೊಡ್ಡ ಡಿಸ್ಕಿನ ನಿಜವಾದ ಲಾಭ ಬಿಸಿ ತಡೆಯುವುದು. ಒಂದು ಸಲದ ದಿಢೀರ್ ಬ್ರೇಕಿಗೆ ಕೊನೆಯ ಮಾತು ಟೈರಿನದೇ. ಜೆಬೆಲ್ ಜೈಸ್ ಇಳಿಯುವಾಗ ಬ್ರೇಕ್ ಸೊರಗುತ್ತಿದ್ದರೆ ಮೊದಲು ಗೇರ್ ಇಳಿಸಿ ಓಡಿಸಬೇಕು. ಆಮೇಲೆ ಒಳ್ಳೆ ಪ್ಯಾಡ್, ಹೊಸ ಬ್ರೇಕ್ ಆಯಿಲ್. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರಿನಂಶ ಹೀರಿಕೊಂಡ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಕುದಿದರೆ ಪೆಡಲ್ ಸ್ಪಂಜಿನಂತೆ ನೆಲ ಮುಟ್ಟುತ್ತದೆ. ಅಂಥ ಹೊತ್ತಲ್ಲಿ ಡಿಸ್ಕ್ ಎಷ್ಟು ದೊಡ್ಡದಿದ್ದರೂ ಕಾರು ನಿಲ್ಲದು.