ಗೋಪುರದ ಆಚೆಯ ಮನೆ



ಕಳೆದ ಬೇಸಿಗೆ ರಜೆಯಲ್ಲಿ ಜೀವನ್ ಬಿಮಾ ನಗರದ ಒಂದಿಷ್ಟು ಮಕ್ಕಳನ್ನು ಕರೆದುಕೊಂಡು ನಾವು ಲಾಲ್‌ಬಾಗಿಗೆ ಹೋಗಿದ್ದೆವು. ಬೆಳಗಿನ ಪೂಜೆ ಮುಗಿಸಿ ಇಂದಿರಾನಗರದಲ್ಲಿ ಮೆಟ್ರೊ ಹತ್ತಿದೆವು. ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸುವಾಗ ಆ ನಿಲ್ದಾಣಕ್ಕೂ ನಾಡಪ್ರಭು ಕೆಂಪೇಗೌಡರ ಹೆಸರೇ ಇರುವುದನ್ನು ಮಕ್ಕಳು ಓದಿ ಖುಷಿಪಟ್ಟರು. ನಾವು ನೋಡಲು ಹೊರಟಿದ್ದದ್ದೂ ಅವರ ಹೆಸರಿನ ಗೋಪುರವನ್ನೇ.

ಲಾಲ್‌ಬಾಗ್ ಎಂದೊಡನೆ ನಮಗೆ ನೆನಪಾಗುವುದು ಗಾಜಿನಮನೆ ಮತ್ತು ಫಲಪುಷ್ಪ ಪ್ರದರ್ಶನ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟ ಈಗ ಸುಮಾರು 240 ಎಕರೆ ಇದೆ. ಆದರೆ ತೋಟಕ್ಕಿಂತ ಬಹಳ ಹಿಂದಿನದು ಅದರೊಳಗಿನ ಬೋಳು ಬಂಡೆ. ಭೂವಿಜ್ಞಾನಿಗಳ ಪ್ರಕಾರ ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ಬಂಡೆಯ ನೆತ್ತಿಯ ಮೇಲೆ ಕಲ್ಲುಗಂಬಗಳ ಒಂದು ಪುಟ್ಟ ಮಂಟಪ, ಅದರ ಮೇಲೊಂದು ಚಿಕ್ಕ ಗೋಪುರ. "ಇಷ್ಟೇನಾ ಫಾದರ್?" ಎಂದು ಮಕ್ಕಳು ಕೇಳಿದರು. ಹೌದು, ನೋಡಲು ಇಷ್ಟೇ.

ಇಂಥ ನಾಲ್ಕು ಗೋಪುರಗಳಿವೆ. ದಕ್ಷಿಣಕ್ಕೆ ಲಾಲ್‌ಬಾಗಿನದು, ಪಶ್ಚಿಮಕ್ಕೆ ಕೆಂಪಾಂಬುಧಿ ಕೆರೆಯ ಬಳಿಯದು, ಉತ್ತರಕ್ಕೆ ಮೇಖ್ರಿ ವೃತ್ತದ ಹತ್ತಿರದ್ದು, ಪೂರ್ವಕ್ಕೆ ಹಲಸೂರು ಕೆರೆಯ ಬಳಿ ಸೇನೆಯ ಆವರಣದಲ್ಲಿರುವುದು. 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿದ ಮೊದಲನೆಯ ಕೆಂಪೇಗೌಡರೇ ಇವನ್ನು ಕಟ್ಟಿಸಿದರೆಂದು ಕೆಲವರೂ ಎರಡನೆಯ ಕೆಂಪೇಗೌಡರೆಂದು ಕೆಲವರೂ ಬರೆದಿದ್ದಾರೆ. ಬೆಂಗಳೂರು ಈ ನಾಲ್ಕು ಗಡಿಗಳವರೆಗೆ ಬೆಳೆಯುತ್ತದೆ ಎಂದು ಪ್ರಭುಗಳು ಮುಂಗಂಡಿದ್ದರೆಂಬುದು ಜನರ ಬಾಯಲ್ಲಿ ಉಳಿದು ಬಂದ ಮಾತು.

ಇದನ್ನು ನಾವು ವಿವರಿಸುತ್ತಿರುವಾಗ ಆರನೇ ತರಗತಿಯ ಹುಡುಗನೊಬ್ಬ ಕೇಳಿದ: "ಫಾದರ್, ನಮ್ಮನೆ ಹಲಸೂರಿಂದ ಆಚೆಗಿದೆ ಅಲ್ವಾ? ಹಾಗಾದ್ರೆ ನಾವು ಬೆಂಗಳೂರಿನವರಲ್ವಾ?"

ಉಳಿದ ಮಕ್ಕಳು ನಕ್ಕರು. ಅವನು ನಗಲಿಲ್ಲ. ಅವನ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆಲಸ ಹುಡುಕಿಕೊಂಡು ಅವರ ಮನೆಯವರು ಇಲ್ಲಿಗೆ ಬಂದರು. ಜೊತೆಯಲ್ಲಿ ಓದುವ ಯಾರೋ ಅವನನ್ನು 'ಹೊರಗಿನವನು' ಎಂದಿದ್ದರಂತೆ. ಆ ಮಾತು ಮಗುವಿನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದುಬಿಟ್ಟಿತ್ತು. "ಹಾಗೆಲ್ಲ ಏನಿಲ್ಲ ಮಗು" ಎಂದು ಬೆನ್ನು ತಟ್ಟಿ ಸುಮ್ಮನಾಗಬಹುದಿತ್ತು. ಆದರೆ ಅವನಿಗೆ ಬೇಕಾಗಿದ್ದದ್ದು ಸಮಾಧಾನವಲ್ಲ, ಉತ್ತರ. ಬಂಡೆಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ನಮಗೆ ತಿಳಿದಷ್ಟು ಚರಿತ್ರೆಯನ್ನು ಹೇಳಿದೆವು.

ಮೊದಲನೆಯದಾಗಿ, 'ಆಚೆ' ಎನ್ನುವ ನಮ್ಮ ಕಡೆಯ ಊರುಗಳು ಪೇಟೆಗಿಂತ ಹಳೆಯವು. ನಮ್ಮ ಪಕ್ಕದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ 13ನೆಯ ಶತಮಾನದ ತಮಿಳು ಶಾಸನಗಳಿವೆ. ಬೆಂಗಳೂರು ಎಂಬ ಹೆಸರು ಮೊದಲು ಸಿಗುವುದೂ ಪೇಟೆಯ ಒಳಗಲ್ಲ, ಬೇಗೂರಿನಲ್ಲಿ. ಸುಮಾರು ಕ್ರಿ.ಶ. 890ರ ವೀರಗಲ್ಲೊಂದು ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ.

ಎರಡನೆಯದಾಗಿ, ಊರು ಕಟ್ಟಿದವರ ಹಿರಿಯರೂ ಬೇರೆ ಕಡೆಯಿಂದಲೇ ಬಂದವರು. ಆವತಿ ನಾಡಪ್ರಭುಗಳ ಪೂರ್ವಜರು ಕಂಚಿಯ ಸೀಮೆಯಿಂದ ಬಂಡಿ ಕಟ್ಟಿಕೊಂಡು ಬಂದು ಆವತಿಯಲ್ಲಿ ನೆಲೆಸಿದರೆಂದು ಪರಂಪರೆ ಹೇಳುತ್ತದೆ. ಆ ವಂಶದ ಕೆಂಪೇಗೌಡರು ಊರು ಕಟ್ಟಿದಾಗ ನೇಯುವವರು, ವ್ಯಾಪಾರ ಮಾಡುವವರು, ಕುಶಲಕರ್ಮಿಗಳು ಬಂದು ನೆಲೆಸಿದರು. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ ಎಂಬ ಹೆಸರುಗಳು ಇಂದಿಗೂ ಆ ಕಸುಬುಗಳನ್ನು ಹೇಳುತ್ತವೆ.

ಮೂರನೆಯದಾಗಿ, ಗಡಿ ಎನ್ನುವುದು ಒಂದೇ ಕಡೆ ನಿಂತದ್ದಲ್ಲ. 1809ರಲ್ಲಿ ಹಲಸೂರಿನ ಸುತ್ತ ಬ್ರಿಟಿಷರ ದಂಡು ಬಂತು. ಅದರ ಹಿಂದೆ ಸಿಪಾಯಿಗಳು, ಅಡಿಗೆಯವರು, ಕೂಲಿಕಾರರು, ದರ್ಜಿಗಳು ಬಂದರು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಹಿರಿಯರು ಹಾಗೆ ಬಂದವರೇ. ಪೇಟೆ ಮತ್ತು ದಂಡು ಎರಡೂ ಒಂದೇ ನಗರಸಭೆಯ ಆಡಳಿತಕ್ಕೆ ಸೇರಿದ್ದು 1949ರಲ್ಲಿ. 2007ರಲ್ಲಿ ಕೃಷ್ಣರಾಜಪುರ, ಮಹದೇವಪುರಗಳೂ ಸೇರಿದವು. 2025ರಲ್ಲಿ ಅದೇ ನಗರವನ್ನು ಐದು ಪಾಲಿಕೆಗಳಾಗಿ ಹಂಚಲಾಯಿತು. ನಮ್ಮ ಬಡಾವಣೆಗೆ ಹೆಸರು ಬಂದದ್ದು ಜೀವ ವಿಮಾ ನಿಗಮದಿಂದ. ಕೆಂಪೇಗೌಡರ ಹೆಸರಿನ ವಿಮಾನ ನಿಲ್ದಾಣವೂ 2022ರಲ್ಲಿ ಅಲ್ಲಿ ನಿಂತ ಅವರ 108 ಅಡಿಯ ಪ್ರತಿಮೆಯೂ ಈ ನಾಲ್ಕು ಗೋಪುರಗಳಿಂದ ಬಹು ದೂರ ಹೊರಗೇ ಇವೆ. "ಹಾಗಾದರೆ ಕೆಂಪೇಗೌಡರೂ ಹೊರಗಿನವರಾ?" ಎಂದು ನಾವು ಕೇಳಿದಾಗ ಆ ಹುಡುಗ ಮೊದಲ ಬಾರಿಗೆ ನಕ್ಕ.

ಅಥೆನ್ಸ್ ನಗರದಲ್ಲಿಯೂ ಇಂಥದೇ ಕಲ್ಲಿನ ಗುಡ್ಡವಿದೆ. ಅದರ ಮೇಲಿನ ಪಾರ್ಥೆನಾನ್ ಕ್ರಿಸ್ತಪೂರ್ವ 5ನೆಯ ಶತಮಾನದ್ದು. ಅದರ ಪಕ್ಕದ ಅರಿಯೊಪಾಗ ಎಂಬ ದಿಬ್ಬದ ಹೆಸರು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರುತ್ತದೆ. ಅಲ್ಲಿ ಅಥೆನ್ಸಿನವರ ಮುಂದೆ ಮಾತನಾಡಿದ ಸಂತ ಪೌಲರು ಆ ಊರಿನವರಲ್ಲ, ತಾರ್ಸದವರು. ಕೆಲವರು ಹಾಸ್ಯ ಮಾಡಿದರು, ಕೆಲವರು ಮತ್ತೊಮ್ಮೆ ಕೇಳುತ್ತೇವೆ ಎಂದರು. ಹೊರಗಿನಿಂದ ಬಂದವನ ಮಾತಿಗೆ ಒಂದಿಷ್ಟು ಹೊತ್ತು ಕಿವಿಗೊಟ್ಟದ್ದು ಆ ನಗರದ ದೊಡ್ಡತನ.

ಇಳಿಯುವಾಗ ಮಕ್ಕಳಿಗೆ ಇನ್ನೊಂದು ಮಾತನ್ನೂ ಹೇಳಿದೆವು. ಇಲ್ಲಿಯವರಾಗುವುದೆಂದರೆ ಹಕ್ಕು ಮಾತ್ರವಲ್ಲ, ಜವಾಬ್ದಾರಿಯೂ ಹೌದು. ನಾಲ್ಕು ಗೋಪುರಗಳಲ್ಲಿ ಎರಡು ಕೆರೆಗಳ ಬಳಿಯಲ್ಲಿಯೇ ಇವೆ. ಲಾಲ್‌ಬಾಗಿನ ಬಂಡೆಯ ಕೆಳಗೂ ಒಂದು ಕೆರೆಯಿದೆ. ನೀರಿಲ್ಲದೆ ಊರಿಲ್ಲ ಎಂಬುದನ್ನು ಹಿರಿಯರು ಅರಿತಿದ್ದರು. ಕೆರೆಗೆ ಕಸ ಸುರಿಯುವವನು ಎಷ್ಟು ತಲೆಮಾರಿನಿಂದ ಇಲ್ಲಿದ್ದರೇನು, ಈ ಊರಿನವನಾಗುವುದು ಹೇಗೆ? ನಿನ್ನೆ ಬಂದು ಅದನ್ನು ಕಾಪಾಡುವವನನ್ನು ಹೊರಗಿನವನು ಎನ್ನುವುದು ಹೇಗೆ? ಯಾರೂ ಹೇಳದೆಯೇ ಆ ಹುಡುಗ ಬಂಡೆಯ ಮೇಲೆ ಬಿದ್ದಿದ್ದ ಎರಡು ಖಾಲಿ ಬಾಟಲಿಗಳನ್ನು ಎತ್ತಿಕೊಂಡ. ಉಳಿದವರೂ ಎತ್ತಿಕೊಂಡರು.

300 ಕೋಟಿ ವರ್ಷದ ಆ ಬಂಡೆಯ ಮುಂದೆ ನಾವೆಲ್ಲರೂ ನಿನ್ನೆ ಮೊನ್ನೆ ಬಂದವರೇ. ಮುಂದಿನ ರಜೆಯಲ್ಲಿ ನಿಮ್ಮ ಮಕ್ಕಳನ್ನೂ ಅಲ್ಲಿಗೆ ಕರೆದುಕೊಂಡು ಹೋಗಿ. ನೀವು ಯಾವ ಊರಿನಿಂದ, ಹೇಗೆ ಇಲ್ಲಿಗೆ ಬಂದಿರೆಂಬುದನ್ನು ಅದರ ಮೇಲೆ ಕುಳಿತು ಅವರಿಗೆ ಹೇಳಿ. ಬೇರೆ ಮಗುವನ್ನು 'ಹೊರಗಿನವನು' ಎನ್ನುವ ಮೊದಲು ನಮ್ಮ ಮಕ್ಕಳು ತಮ್ಮ ಮನೆಯ ಕಥೆಯನ್ನು ತಿಳಿದಿರಲಿ ಎಂಬುದೇ ನಮ್ಮ ಹಾರೈಕೆ.